ಎರಡು ಸ್ವಿಚ್ಚು, ಒಂದೇ ಹೆಸರು

ಕೇಬಲ್ಲಿನ ಬೆಲೆ ಎಂಟು ನೂರು ರೂಪಾಯಿ. ಅದರಲ್ಲಿ ಸಂಪರ್ಕ ಸಿಗದೆ ಬಿಲ್ ಹೊರಡದ ಕಾರಣಕ್ಕೆ ಸೋಂಪುರದ ಕಾರ್ಖಾನೆಯ ಗೇಟಿನ ಹೊರಗೆ ಹದಿನಾಲ್ಕು ಲಾರಿ ನಿಂತಿದ್ದವು. ಕಂಪ್ಯೂಟರ್ ವಿಭಾಗದ ಧನುಶ್ರೀಯ ಬೆಳಗಿನ ತಿಂಡಿ ಹೋಗಿತ್ತು, ತಾಳ್ಮೆಯೂ ಮುಗಿಯುತ್ತ ಬಂದಿತ್ತು.

ಅದೆಲ್ಲಕ್ಕಿಂತ ದುಬಾರಿಯಾದವನು ಎದುರಿಗೇ ನಿಂತಿದ್ದ... ಮುನಿಕೃಷ್ಣ.

ಹನ್ನೊಂದು ತಿಂಗಳ ಹಿಂದೆ ಒಂದು ಮಾತೂ ಹೇಳದೆ ಹೊಸಕೋಟೆ ಘಟಕಕ್ಕೆ ವರ್ಗ ಮಾಡಿಸಿಕೊಂಡು ಹೋದವನು. ಬಿಲ್ ಮಾಡುವ ಅಲ್ಲಿನ ಸರ್ವರ್‌ಗಳನ್ನು ಇಲ್ಲಿನ ಸ್ಟೋರೇಜ್‌ಗೆ ಸೇರಿಸಲು, ಅವೆರಡನ್ನೂ ಜೋಡಿಸುವ ಸ್ವಿಚ್ಚಿನ ಸಮೇತ ಇವತ್ತು ಟೆಂಪೋದಲ್ಲಿ ಬಂದಿಳಿದಿದ್ದ.

"ಧನು, ಇನ್ನೊಂದ್ಸಲ ಕೇಬಲ್ ಹಾಕಿ ನೋಡ್ಲಾ?"

"ಮೇಡಂ ಅನ್ನಿ. ಆಗ್ಲೇ ಐದು ಸಲ ಹಾಕಿದ್ದೀರ."

ಲಾರಿಗಳ ಉಸ್ತುವಾರಿ ಚಲಪತಿ ಬಾಗಿಲಲ್ಲಿ ತಲೆ ಹಾಕಿದ. "ಏನಮ್ಮಾ, ಡ್ರೈವರ್‌ಗಳು ನನ್ನನ್ನೇ ಲೋಡ್ ಮಾಡ್ಕೊಂಡು ಹೋಗ್ತೀವಿ ಅಂತಾವ್ರೆ."

"ಹತ್ತು ನಿಮಿಷ, ಚಲಪತಿಯಣ್ಣ."

ಎರಡೂ ಸ್ವಿಚ್ಚುಗಳ ಜೋನ್ ಪಟ್ಟಿಗಳನ್ನು ಪಕ್ಕಪಕ್ಕ ತೆರೆದಳು. ಯಾವ ಸರ್ವರ್‌ಗೆ ಯಾವ ಸ್ಟೋರೇಜ್ ಕಾಣಬೇಕು ಎಂದು ಹೇಳುವ ಪಟ್ಟಿ ಅದು. ಎರಡೂ ಕಡೆ ಒಂದೇ ಹೆಸರಿದ್ದು ಅದರೊಳಗಿನ ಸರ್ವರ್‌ಗಳು ಬೇರೆಯಾದರೆ, ಸ್ವಿಚ್ಚುಗಳು ಒಂದಾಗಲು ಒಪ್ಪುವುದಿಲ್ಲ.

ಅವಳ ಬೆರಳು ನಿಂತಿತು.

ಸೆರಗು. ಅಂಚು. ಒಡಲು.

ದೊಡ್ಡಬಳ್ಳಾಪುರದಲ್ಲಿ ಅಪ್ಪ ನಡೆಸುವ ಮಗ್ಗದಿಂದ ಅವಳು ತಂದ ಹೆಸರುಗಳು. ಕೆಲಸ ಕಲಿಯುವಾಗ ಇಬ್ಬರೂ ಸೇರಿ ನಗುತ್ತಾ ಇಟ್ಟಿದ್ದು. ಈಗ ಅವನ ಸ್ವಿಚ್ಚಿನಲ್ಲೂ ಅವೇ.

"ಜೋನ್‌ಗೆ ಸರ್ವರ್ ಹೆಸರೇ ಹಾಕ್ಬೇಕು ಅಂತ ರೂಲ್ ಇಲ್ವಾ? ನನ್ನ ಹೆಸರುಗಳನ್ನ ಅಲ್ಲಿ ಯಾಕೆ ಹಾಕಿದ್ರಿ?"

"ನೀನೂ ತೆಗ್ದಿಲ್ವಲ್ಲ."

"ನನ್ನ ಮಾತು ಬಿಡಿ."

"ಅಲ್ಲಿ ಒಬ್ನೇ ಇದ್ದೆ... ಬೇರೆ ಹೆಸರು ಹೊಳೀಲಿಲ್ಲ."

"ಹಂಗಿದ್ದೋರು ಹೇಳ್ದೆ ಯಾಕ್ ಹೋದ್ರಿ?"

"ನಾವು ಮದ್ವೆಯಾದ್ರೆ ಒಂದೇ ವಿಭಾಗದಲ್ಲಿ ಇರಂಗಿಲ್ಲ ಅಂದ್ರು ಮ್ಯಾನೇಜರ್. ನಿನ್ನ ಕೇಳಿದ್ರೆ ನೀನೇ ಹೋಗ್ತಿದ್ದೆ. ವರ್ಗ ಆದ್ಮೇಲೆ ಹೇಳೋಣ ಅಂದ್ರೆ ನೀನು ನನ್ನ ನಂಬರ್ ಬ್ಲಾಕ್ ಮಾಡ್ಬಿಟ್ಟಿದ್ದೆ."

"ನಮ್ಮನೆಗೆ ಬಸ್ ಇರ್ಲಿಲ್ವಾ?"

"ಬಂದಿದ್ದೆ. ಬೀದಿ ತುದೀಲಿ ನಿಂತು ವಾಪಸ್ ಹೋದೆ. ನಿಮ್ಮಪ್ಪನ ಎದುರು ನಿಲ್ಲೋಕೆ ಧೈರ್ಯ ಸಾಲ್ಲಿಲ್ಲ."

ಕೀಬೋರ್ಡ್ ತೆಗೆದು ಅವನ ತಲೆಗೆ ಕುಟ್ಟಬೇಕೆನಿಸಿತು. ನನ್ನ ಪಾಲಿನ ತೀರ್ಮಾನವನ್ನೂ ಇವನೇ ಮಾಡಿಬಿಟ್ಟನಲ್ಲ... ಆದರೂ ಕಣ್ಣು ತುಂಬಿತು.

"ಒಂದು ಪಟ್ಟಿ ಅಳಿಸ್ಲೇಬೇಕು," ಅಂದಳು.

"ನಂದು ಅಳ್ಸು."

"ಯಾರೂ ಕೇಳ್ದೆ ಬಿಟ್ಟುಕೊಡೋ ಚಾಳಿ ಇನ್ನೂ ಹೋಗಿಲ್ವಾ? ಮೊದ್ಲು ನಿನ್ನ ಸರ್ವರ್‌ಗಳನ್ನ ನನ್ನ ಪಟ್ಟಿಗೆ ಸೇರಿಸ್ಕೋತೀನಿ. ಒಂದೊಂದೇ ಓದು."

'ನೀವು' ಹೋಗಿ 'ನೀನು' ಬಂದದ್ದನ್ನು ಅವನು ಗಮನಿಸಿದ. ಅದನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡನಾಗಿರಲಿಲ್ಲ. ತನ್ನ ಸರ್ವರ್‌ಗಳ ಉದ್ದುದ್ದ ವಿಳಾಸಗಳನ್ನು ಓದುತ್ತಾ ಹೋದ, ಅವಳು ಬರೆದುಕೊಂಡಳು. ಆಮೇಲೆ ತನ್ನ ಪಟ್ಟಿಯನ್ನು ತಾನೇ ಅಳಿಸಿ ಕೇಬಲ್ ಹಾಕಿದ.

ಹಸಿರು ದೀಪ ಹತ್ತಿತು.

"ಭಾನುವಾರ ಅಪ್ಪ ಮನೇಲಿರ್ತಾರೆ. ಬೀದಿ ತುದೀಲಿ ನಿಲ್ಬೇಡ."

"ಬರ್ತೀನಿ, ಮೇಡಂ."

"ಧನು ಅನ್ನು, ಸಾಕು."

ಹೊರಗೆ ಮೊದಲ ಲಾರಿ ಹೊರಟಿತು. ಹೋದದ್ದು ಅವನ ಪಟ್ಟಿ ಮತ್ತು ಹನ್ನೊಂದು ತಿಂಗಳು. ದಕ್ಕಿದ್ದು ಒಂದು ಭಾನುವಾರ.