ಮುದ್ದೇಬಿಹಾಳದ ಎರಡು ಫೈರ್‌ವಾಲ್

“ಸ್ವಲ್ಪ ಅತ್ಲಾಗ ಸರೀರಿ. ಹಳೇದನ್ನ ವಾಪಸ್ ಹಾಕಾಕ ಬಂದೇನಿ.”

ಇಂಡಿ ಲ್ಯಾಬಿನ ಕಂಪ್ಯೂಟರ್ ಮುಂದೆ ಕೂತಿದ್ದ ಇರಮ ತಿರುಗಿ ನೋಡಿದಳು. ದನಿ ಗೊತ್ತು... ಮುಖ ಮಾತ್ರ ಇವತ್ತೇ ಮೊದಲು. ಸಿಂದಗಿ ಲ್ಯಾಬಿನ ಜಹೀರ! ಫೋನಿನಲ್ಲಿ ಕೆಲಸದ ಮಾತು ಮುಗಿದ ಮೇಲೂ ‘ಊಟ ಆತೇನ್ರಿ’ ಎಂದು ಕೇಳುತ್ತಿದ್ದವನು.

“ಏಳಂಗಿಲ್ರಿ,” ಎಂದಳು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ. ನಾಲ್ಕೂ ಊರಿನ ರಕ್ತಪರೀಕ್ಷೆ ಲ್ಯಾಬುಗಳ ಕಂಪ್ಯೂಟರಿಗೆ ಐಪಿಟೇಬಲ್ಸ್ ಎಂಬ ಫೈರ್‌ವಾಲ್ ಕಾವಲು ಹಾಕಿದವನು ಅವನೇ. ಅದನ್ನು ಒಂದೊಂದೇ ಊರಿನಂತೆ ಹೊಸ ಎನ್‌ಎಫ್‌ಟೇಬಲ್ಸ್‌ಗೆ ಸಾಗಿಸುತ್ತಿದ್ದವಳು ಇವಳು. ನಿನ್ನೆ ಮುದ್ದೇಬಿಹಾಳದ ಸರದಿ. ಇವತ್ತು ಅಲ್ಲಿಂದ ಇಂಡಿಗೆ ಒಂದು ರಿಪೋರ್ಟೂ ಬಂದಿರಲಿಲ್ಲ.

ಮಾಲೀಕ ಅಪ್ಪಾಸಾಬ ಬಾಗಿಲಲ್ಲೇ ಗುಡುಗಿದ. “ನಾಕೂ ಊರಾಗ ಹಳೇದ ಇರ್ಲಿ. ಇಲ್ಲಾಂದ್ರ ನಾಳಿಂದ ನೀ ಬರಬ್ಯಾಡವಾ.”

“ಬ್ಯಾಡಂದ್ರ ಬರಂಗಿಲ್ರಿ. ಆದ್ರ ಎಲ್ಲಿ ತಪ್ಪೈತಿ ನೋಡಲಾರದ ತಿರುಗಿಸಂಗಿಲ್ಲ.”

ಕೆಲಸ ಹೋದರೆ ಹೋಗಲಿ... ಜಹೀರನೂ ನನ್ನ ನಂಬಲಿಲ್ಲವಲ್ಲ.

ಕೂತಲ್ಲಿಂದಲೇ ಮುದ್ದೇಬಿಹಾಳದ ಕಂಪ್ಯೂಟರಿನೊಳಗೆ ಹೊಕ್ಕು ನೋಡಿದಳು; ಒಳಬರುವ ದಾರಿ ತೆರೆದೇ ಇತ್ತು. ಹೊಸ ಫೈರ್‌ವಾಲ್ ಇಂಡಿಗೆ ದಾರಿ ಬಿಟ್ಟಿತ್ತು. ಆದರೆ ತಾನು ನಿಲ್ಲಿಸಿದ್ದ ಹಳೆಯದೂ ಜೊತೆಗೇ ಓಡುತ್ತಿತ್ತು! ನಿನ್ನೆ ಬದಲಾದ ಇಂಡಿಯ ಇಂಟರ್ನೆಟ್ ವಿಳಾಸ ಅದಕ್ಕೆ ಗೊತ್ತೇ ಇಲ್ಲ, ಅಲ್ಲಿಗೆ ಹೊರಟ ರಿಪೋರ್ಟುಗಳನ್ನೆಲ್ಲ ತಡೆದು ಕೂತಿತ್ತು.

“ಒಂದು ಬಿಟ್ರೂ ಇನ್ನೊಂದು ತಡದ್ರ ಮುಗೀತು. ಇದನ್ನ ಮತ್ತ ಯಾರು ಚಾಲೂ ಮಾಡ್ಯಾರ?”

ಜಹೀರನ ಮುಖ ಬಿಳಿಚಿಕೊಂಡಿತು. “ನಾನ... ಹೊಸಾದು ಕೈ ಕೊಟ್ರ ಹಳೇದು ಕಾಯ್ಲಿ ಅಂತ. ನೀವು ಬೈಸಿಕೊಳ್ಳಬಾರದು ಅಂತ.”

“ನನ್ನ ಕೇಳಲಾರದನ?”

“ಹೂಂ.”

“ಚಲೋ ಕಾದ್ರಿ ಬಿಡ್ರಿ. ಕೆಲಸಾನ ಹೋಗೂದಿತ್ತು.”

ಅವನು ಮಾಲೀಕನತ್ತ ತಿರುಗಿದ. “ತಪ್ಪು ನಂದ್ರಿ ಸಾಹೇಬ್ರ. ತಗಿಯೂದಿದ್ರ ನನ್ನ ತಗೀರಿ. ಇವ್ರು ಮಾಡಿದ್ದು ಬರೋಬ್ಬರಿ ಐತಿ.”

ಇರಮ ಹಳೆಯದನ್ನು ನಿಲ್ಲಿಸಿದಳು. ರಿಪೋರ್ಟುಗಳು ಒಂದರ ಹಿಂದೊಂದು ಬಂದವು.

ಅಪ್ಪಾಸಾಬ ಗಂಟಲು ಸರಿಮಾಡಿಕೊಂಡ. “ಬಾಗೇವಾಡೀದು ಯಾವಾಗವಾ?”

“ನನಗ ಪಕ್ಕಾ ಅನಿಸಿದಾಗ್ರಿ.”

ಅವನು ಗೊಣಗುತ್ತ ಹೋದ. ಜಹೀರ ಹೋಗಲಿಲ್ಲ.

“ನೆಂಟಸ್ತನ ಕೇಳಾಕ ನಮ್ಮ ಅಮ್ಮೀನ ನಿಮ್ಮ ಮನಿಗೆ ಕಳಸಬೇಕಂತ ಮಾಡಿದ್ದೆ...”

“ಅದನ್ನೂ ನನ್ನ ಕೇಳಲಾರದ ಮಾಡಾವ್ರಿದ್ರೇನು?”

“ಇದ್ದೆ. ಈಗ ಕೇಳಾಕತ್ತೇನಿ.”

ಅವಳ ಕಣ್ಣು ತುಂಬಿ ಬಂತು. ತಲೆ ಮಾತ್ರ ತಗ್ಗಲಿಲ್ಲ.

“ನಿಕಾ ಆದಮ್ಯಾಲೂ ನಾ ಕೆಲಸ ಬಿಡಂಗಿಲ್ಲ. ಅದನ್ನ ಮೊದಲ ಹೇಳಿ ಕಳಸ್ರಿ.”

“ಅಮ್ಮಿ ಒಪ್ಪಲಿಲ್ಲಂದ್ರ?”

“ನೀವು ಒಪ್ಪೀರೇನು?”

“ಯಾವಾಗೋ ಒಪ್ಪೇನ್ರಿ.”

“ಹಂಗಾದ್ರ ಅಮ್ಮೀನ ಒಪ್ಪಸೂದು ನನಗ ಬಿಡ್ರಿ.”