ಹಳದಿಯವರ ಬೆಂಚು

ಡೆಯಾನಿರಾಳ ಊಟದಂಗಡಿಯಲ್ಲಿ ಹಳದಿ ಅಂಗಿಯವರು ಒಳಗೆ ಕೂರುವ ಹಾಗಿರಲಿಲ್ಲ. ಅವರಿಗೆ ಮಾವಿನ ಮರದ ಕೆಳಗೊಂದು ಬೆಂಚು. ನಿಯಮ ಮಾಡಿದ್ದು ಅವಳ ಅಪ್ಪ. ಅವನು ಸತ್ತು ಮೂರು ವರ್ಷವಾದರೂ ಗೋಡೆಯ ನೀಲಿ ಬಣ್ಣವನ್ನೂ ಆ ನಿಯಮವನ್ನೂ ಅವಳು ಹಾಗೇ ಉಳಿಸಿಕೊಂಡಿದ್ದಳು.

ನೀಲಿ ಎಂದರೆ ರಾಜಧಾನಿ ಸಾಂತೊ ಡೊಮಿಂಗೊದ ಲಿಸೇ ತಂಡ. ಹಳದಿ ಎಂದರೆ ಉತ್ತರದ ಸಾಂತಿಯಾಗೊದ ಆಗಿಲಾಸ್. ಬೊನಾವೊ ಇವೆರಡರ ನಡುವಿನ ಹೆದ್ದಾರಿಯ ಊರು. ಬೇಸ್‌ಬಾಲ್ ಶುರುವಾಗುವ ಅಕ್ಟೋಬರಿನಿಂದ ಮುಗಿಯುವ ಜನವರಿಯವರೆಗೆ ಅಲ್ಲಿ ಗಂಡ ಹೆಂಡತಿ ಒಂದೇ ಮನೆಯಲ್ಲಿ ಎರಡು ರೇಡಿಯೋ ಇಟ್ಟುಕೊಳ್ಳುತ್ತಿದ್ದರು.

ಎವರಿಸ್ತೊ ಮೊದಲ ಸಲ ಬಂದಾಗ ಬಿಳಿ ಅಂಗಿ ಹಾಕಿದ್ದ. ಕಿಟಕಿ ಪಕ್ಕದ ಮೇಜಿಗೆ ಕೂತು, ಅನ್ನ, ಕೆಂಪು ಬೀನ್ಸ್ ಕಾಳು, ಕೋಳಿ ಕೇಳಿದ. ಮಾತು ಕಡಿಮೆ. ತಟ್ಟೆ ತಂದಿಟ್ಟಾಗ ಮೊದಲು ಅವಳ ಮುಖ ನೋಡಿದ, ಆಮೇಲೆ ಊಟ ನೋಡಿದ. ಸಾಮಾನ್ಯವಾಗಿ ಗಂಡಸರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಅವಳು ಒಳಗೆ ಹೋಗಿ ಪಾತ್ರೆಯ ತಳ ಕೆರೆದು, ಗರಿಗರಿ ಹತ್ತಿದ ಅನ್ನವನ್ನು ಅವನ ತಟ್ಟೆಗೆ ಹಾಕಿದಳು. ಅದನ್ನು ಎಲ್ಲರೂ ಕೇಳುತ್ತಾರೆ, ಎಲ್ಲರಿಗೂ ಸಾಲುವುದಿಲ್ಲ. ಯಾರಿಗೆ ಎನ್ನುವುದು ಅಡುಗೆಯವಳ ಇಷ್ಟ.

ಅವನು ತಿಂದು, ದುಡ್ಡು ಕೊಟ್ಟು, ರಸ್ತೆ ದಾಟಿ ಒಂದು ಬಸ್ಸಿನ ಡ್ರೈವರ್ ಸೀಟಿಗೆ ಹತ್ತಿದ. ಹಾರ್ನ್ ಹೊಡೆದ. ಕಿಟಕಿಗಳಿಂದ ನಲವತ್ತು ಹಳದಿ ತೋಳುಗಳು ಹೊರಬಂದು ಅವಳ ನೀಲಿ ಗೋಡೆಗೆ ಟಾಟಾ ಮಾಡಿದವು.

"ಥೂ ನಿನ್ನ!" ಎಂದಳು ಡೆಯಾನಿರಾ.

ಆ ರಾತ್ರಿ ರಾಜಧಾನಿಯಲ್ಲಿ ಹಳದಿಯವರು ಆರು–ಸೊನ್ನೆಯಿಂದ ಗೆದ್ದರು.

ವಾರದ ನಂತರ ಮತ್ತೆ ಬಂದ. ಅದೇ ಬಿಳಿ ಅಂಗಿ, ಅದೇ ಕುರ್ಚಿ.

"ರೀ ಡ್ರೈವರ್, ನಿಮ್ಮ ಜಾಗ ಹೊರಗಿದೆ."

"ಅಂಗಿ ಹಳದಿ ಇಲ್ವಲ್ಲ ಯಜಮಾನಿ."

"ಒಳಗಿರೋದು ಹಳದಿನೇ ತಾನೆ?"

"ಒಳಗೇನಿದೆ ಅಂತ ಇಷ್ಟು ಬೇಗ ಹೇಗೆ ಗೊತ್ತಾಯ್ತು?" ಎಂದು ಅವನು ಚಮಚವನ್ನು ಕರವಸ್ತ್ರದಲ್ಲಿ ಒರೆಸುತ್ತ ಕೂತ. "ಹೋದ ಸಲ ಇಲ್ಲಿ ತಿಂದೆ, ಗೆದ್ವಿ. ನಾನು ಇಲ್ಲೇ ತಿನ್ನಬೇಕು ಅಂತ ಬಸ್ಸಿನವರು ಹಟ ಹಿಡಿದಿದಾರೆ. ನಾನೇನು ಮಾಡ್ಲಿ?"

ಬಾಗಿಲಲ್ಲಿ ದೋನ್ಯಾ ಎಲಿಗಿಯಾ ನಿಂತಿದ್ದಳು. ಎಪ್ಪತ್ತರ ಮುದುಕಿ, ಹಳದಿ ಕೊಡೆ, ಬಸ್ಸಿನ ಮೊದಲ ಸೀಟು ಅವಳದೇ. "ಬಡಿಸೇ ಹುಡುಗಿ, ಹೊತ್ತಾಯ್ತು! ಆ ಸೀದ ಅನ್ನಾನೂ ಹಾಕು. ಅದಿಲ್ಲದೆ ನಡೆಯಲ್ಲ."

ಹೀಗೆ ಅವನು ಹನ್ನೊಂದು ಸಲ ಬಂದ. ಒಂಬತ್ತು ಸಲ ಹಳದಿ ಗೆದ್ದಿತು. ಸೋತ ಎರಡಕ್ಕೂ ಅವನ ಬಳಿ ಕಾರಣವಿತ್ತು.

"ಮೊದಲನೇದು, ಚಮಚ ಬೇರೆ ಇತ್ತು."

"ಎರಡನೇದು?"

"ಅವತ್ತು ನೀವಿರಲಿಲ್ಲ. ಹಲ್ಲಿನ ಡಾಕ್ಟರ ಹತ್ರ ಹೋಗಿದ್ರಂತೆ."

ಅವಳು ಮೇಜು ಒರೆಸಿದಳು. ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸಿದಳು. ಅವನು ನೀರಿನ ಲೋಟದ ಅಂಚಿನ ಮೇಲಿಂದ ಅದನ್ನು ನೋಡುತ್ತಿದ್ದ, ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಬಯ್ಯಲು ಸುಲಭವಾಗುತ್ತಿತ್ತು.

ಹಳದಿ ಬಣ್ಣದ ಮೇಲಿನ ಅವಳ ಸಿಟ್ಟು ಹೋಗಿರಲಿಲ್ಲ. ರೇಡಿಯೋದಲ್ಲಿ ಆಗಿಲಾಸ್ ಓಟಗಾರ ಔಟಾದರೆ ಈಗಲೂ ಖುಷಿಗೆ ಸೌಟಿನಿಂದ ಒಲೆಗೆ ಬಡಿಯುತ್ತಿದ್ದಳು. ಆದರೆ ಅವರು ಸೋತು ಹೊರಬಿದ್ದರೆ ಡ್ರೈವರ್ ಬರುವುದಿಲ್ಲ ಎಂಬ ಲೆಕ್ಕವೂ ತಲೆಯಲ್ಲಿ ಓಡುತ್ತಿತ್ತು. ಇಷ್ಟು ವರ್ಷ ನೀಲಿ ಗೆಲ್ಲಲಿ ಎಂದು ಬೇಡಿಕೊಂಡವಳಿಗೆ ಈಗ ಬೇಡಿಕೆಯ ಕೊನೆಯಲ್ಲಿ ಒಂದು 'ಆದರೆ' ಸೇರಿಕೊಂಡಿತ್ತು. ಅದು ಅವಳಿಗೆ ನಾಚಿಕೆಯ ವಿಷಯ.

ಇನ್ನೂ ದೊಡ್ಡ ನಾಚಿಕೆ ಬೇರೆ ಇತ್ತು. ಅವನು ಬರುವುದು ತನಗಾಗಿಯೋ, ತಟ್ಟೆಗಾಗಿಯೋ? ಕೇಳಿ ಬಿಡಬಹುದಿತ್ತು. ತಟ್ಟೆಗಾಗಿ ಅಂದುಬಿಟ್ಟರೆ?

ಫೈನಲ್‌ಗೆ ಬಂದದ್ದು ಈ ಎರಡೇ ತಂಡ. ಏಳು ಆಟ, ಒಂದು, ಮೂರು, ಐದು, ಏಳು ರಾಜಧಾನಿಯಲ್ಲಿ. ಒಂದನೆಯ, ಮೂರನೆಯ ಆಟದ ದಿನ ಅವನು ಬಂದ, ತಿಂದ, ಹಳದಿ ಗೆದ್ದಿತು. ಬೊನಾವೊದ ನೀಲಿಯವರ ತಾಳ್ಮೆ ಮುಗಿಯಿತು. ಗ್ಯಾಸ್ ಸಿಲಿಂಡರ್ ತಂದ ಮುದುಕ ಫೆರ್ಮಿನ್ ಅದನ್ನು ಇಳಿಸದೆ ಭುಜದ ಮೇಲಿಟ್ಟುಕೊಂಡೇ ನಿಂತ.

"ಏನಮ್ಮಾ, ಅಪ್ಪನ ಮನೆ ಅನ್ನ ಹಾಕಿ ಅಪ್ಪನ ತಂಡಾನೇ ಸೋಲಿಸ್ತಿದೀಯಲ್ಲ?"

"ಬಾಲ್ ಹೊಡೆಯೋದು ಅವರು. ನನ್ನ ಅನ್ನ ಏನು ಮಾಡುತ್ತೆ?"

"ಏನೂ ಮಾಡಲ್ಲ ಅಂದ್ರೆ ಹಾಕ್ಬೇಡ, ನೋಡೋಣ."

ಐದನೆಯ ಆಟದ ದಿನ ತಳದ ಅನ್ನವನ್ನು ಕೆರೆದು ಒಂದು ಡಬ್ಬಿಗೆ ತುಂಬಿ ಮುಚ್ಚಿಟ್ಟಳು. ಅವನ ತಟ್ಟೆಗೆ ಬರೀ ಮೆತ್ತನೆ ಅನ್ನ ಹೋಯಿತು.

"ಇವತ್ತು ತಳ ಹತ್ತಲಿಲ್ಲ," ಎಂದಳು.

"ಪರವಾಗಿಲ್ಲ," ಎಂದು ಅವನು ತಿಂದ. ಎಂದಿನಂತೆ ಥ್ಯಾಂಕ್ಸ್ ಹೇಳಿ ಹೋದ.

ಹಳದಿ ಎಂಟು–ಒಂದರಿಂದ ಸೋತಿತು. ಬೊನಾವೊದ ಬೀದಿಯಲ್ಲಿ ಪಾತ್ರೆ ಬಡಿದರು. ಡೆಯಾನಿರಾ ಮರುದಿನ ಬೆಳಿಗ್ಗೆ ಕಾಫಿ ಸೋಸುತ್ತ ಸೋದರತ್ತೆ ಒಲಿವಾಳ ಮುಂದೆ ಬಾಯಿಬಿಟ್ಟಳು.

"ತಳದ ಅನ್ನ ಬಚ್ಚಿಟ್ಟು ಗೆದ್ವಲ್ಲ ಅತ್ತೆ, ಖುಷಿನೇ ಆಗ್ತಿಲ್ಲ."

"ಆಗಲ್ಲ ಕಣೇ. ಕದ್ದು ಗೆದ್ದಿದ್ದು ಅದು." ಅತ್ತೆ ಕಾಫಿಗೆ ಮೂರು ಚಮಚ ಸಕ್ಕರೆ ಸುರಿದಳು. "ಇನ್ನು ಅವನು ಬರಲ್ಲ ಬಿಡು. ಸೋತ ಜಾಗದಲ್ಲಿ ಯಾವ ಹಳದಿಯವನೂ ಮತ್ತೆ ತುತ್ತು ಎತ್ತಲ್ಲ. ನಾವೂ ಎತ್ತಲ್ಲ."

ಅದು ನಿಜವಾಗಿತ್ತು. ಈ ಸಲ ಅವನು ನೆಪ ಹೇಳಲು ಚಮಚವೂ ಬದಲಾಗಿರಲಿಲ್ಲ, ಅವಳೂ ಅಲ್ಲೇ ಇದ್ದಳು.

ಆರು ಆಟ ಮುಗಿದಾಗ ಮೂರು–ಮೂರು ಸಮ. ಏಳನೆಯ ದಿನ ಮಧ್ಯಾಹ್ನ ಒಂದು ಗಂಟೆಯಿಂದ ಹೆದ್ದಾರಿಯಲ್ಲಿ ಹಳದಿ ಬಸ್ಸುಗಳು ಹೋದವು. ಯಾವುದೂ ನಿಲ್ಲಲಿಲ್ಲ. ಡೆಯಾನಿರಾ ನೀಲಿ ಅಂಗಿ ತೊಟ್ಟು, ಎಣಿಸಬಾರದೆಂದುಕೊಂಡು ಎಣಿಸಿದಳು. ಒಂಬತ್ತನೆಯದು ಬ್ರೇಕ್ ಹಾಕಿತು.

ಬಸ್ಸಿನೊಳಗೆ ಗಲಭೆಯೋ ಗಲಭೆ. "ಇಲ್ಲಿ ಬೇಡ! ನಡಿ, ನಡಿ! ಹಾಳಾದ ಜಾಗ!" ಒಬ್ಬರೂ ಇಳಿಯಲಿಲ್ಲ. ಎವರಿಸ್ತೊ ಒಬ್ಬನೇ ಇಳಿದು ರಸ್ತೆ ದಾಟಿದ. ಬೆನ್ನಿಗೆ ಒಂದು ಖಾಲಿ ನೀರಿನ ಬಾಟಲಿ ಬಂದು ಬಿತ್ತು. ತಿರುಗಿ ನೋಡಲಿಲ್ಲ. ಕಿಟಕಿ ಪಕ್ಕ ಬಂದು ಕೂತ.

"ಯಾಕೆ ಬಂದ್ರಿ?" ಅವಳ ದನಿ ಅವಳಂದುಕೊಂಡದ್ದಕ್ಕಿಂತ ಸಣ್ಣಗೆ ಬಂತು. "ಸೋತ ಜಾಗ ಇದು."

"ಹೌದು."

"ಮತ್ತೆ?"

"ಡೆಯಾನಿರಾ, ನಲವತ್ತು ಜನ ಹಳದಿಯವರನ್ನ ಕರ್ಕೊಂಡು ನೀಲಿ ಅಂಗಡಿ ಮುಂದೆ ಬಸ್ ನಿಲ್ಸೋಕೆ ಒಂದು ಕಾರಣ ಬೇಕಿತ್ತು. ಅದೃಷ್ಟ ಅಂದೆ, ನಂಬಿದ್ರು. ಐದನೇ ಆಟದಲ್ಲಿ ಕಾರಣ ಹೋಯ್ತು." ಅವನು ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಾಚಿಟ್ಟ. "ಇವತ್ತು ಕಾರಣ ಇಲ್ಲ. ಬಂದಿದೀನಿ."

ಅವಳು ಎದುರಿನ ಕುರ್ಚಿಯಲ್ಲಿ ಕೂತಳು. ಗಿರಾಕಿಯ ಎದುರು ಅವಳು ಕೂತದ್ದು ಅದೇ ಮೊದಲು.

"ಅವತ್ತು ತಳ ಹತ್ತಿತ್ತು. ನಾನೇ ಬಚ್ಚಿಟ್ಟಿದ್ದೆ. ನೀವು ಸೋಲಲಿ ಅಂತ."

"ಗೊತ್ತು. ಕೆರೆಯೋ ಸದ್ದು ಇಲ್ಲಿಗೇ ಕೇಳ್ತಿತ್ತು."

"ಗೊತ್ತಿದ್ದೂ ಸುಮ್ಮನೆ ತಿಂದ್ರಾ?"

"ನೀಲಿಯವಳು ನೀಲಿಗೆ ಮಾಡಿದ್ದು. ನಾನು ನಿನ್ನ ಜಾಗದಲ್ಲಿದ್ರೆ ಉಪ್ಪೂ ಹೆಚ್ಚು ಹಾಕ್ತಿದ್ದೆ."

ಅವಳಿಗೆ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾದದ್ದಕ್ಕೆ ಒಲೆಯ ಹೊಗೆಯನ್ನು ಬಯ್ದಳು. ಒಲೆ ಗ್ಯಾಸಿನದು.

"ಇವತ್ತು ರಾತ್ರಿ ನಾನು ಲಿಸೇ ಗೆಲ್ಲಲಿ ಅಂತಲೇ ಬೇಡ್ಕೋತೀನಿ," ಎಂದಳು. "ಅದು ಬದಲಾಗಲ್ಲ. ಯಾವತ್ತೂ."

"ಬದಲಾಗು ಅಂದೋರು ಯಾರು? ನಾನೂ ಬದಲಾಗಲ್ಲ."

"ಆಟ ನಡೆಯೋವಾಗ ನೀನೆಲ್ಲಿರ್ತೀಯ?"

"ಸ್ಟೇಡಿಯಂ ಹೊರಗೆ. ಬಸ್ ಬಿಟ್ಟು ಹೋಗೋ ಹಾಗಿಲ್ಲ. ಒಬ್ಬನೇ ಕೂತು ರೇಡಿಯೋ ಕೇಳ್ತೀನಿ."

"ಯಾವ ಸ್ಟೇಷನ್?"

"ನಮ್ಮದು. ಇನ್ನಾವುದು?"

"ಒಂದು ಇನ್ನಿಂಗ್ಸ್ ನಿಮ್ಮದು, ಒಂದು ನಮ್ಮದು. ಆಗುತ್ತಾ?"

ಅವನು ಕಿಟಕಿಯಾಚೆ ತನ್ನ ಬಸ್ಸಿನ ಕಡೆ ನೋಡಿದ. ಹಳದಿಯವನಿಗೆ ಅದು ಸಣ್ಣ ಬೆಲೆಯಲ್ಲ. "ಆಗುತ್ತೆ," ಎಂದ.

"ಅತ್ತೇ, ಅಂಗಡಿ ನೋಡ್ಕೋ!" ಅವಳು ಏಪ್ರನ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದಳು.

ಅವಳು ನೀಲಿ ಅಂಗಿಯಲ್ಲೇ ಬಸ್ಸಿನ ಮೆಟ್ಟಿಲು ಹತ್ತಿದಾಗ ಒಳಗಿನ ಗಲಭೆ ತಟ್ಟನೆ ನಿಂತಿತು. ಎಲ್ಲರೂ ಡ್ರೈವರ್‌ನನ್ನು ನೋಡಿದರು. ಅವನ ಕಿವಿ ಕೆಂಪಾಗಿತ್ತು. ಆಗ ಎಲ್ಲರಿಗೂ ಒಟ್ಟಿಗೇ ಅರ್ಥವಾಯಿತು, ಹಿಂದಿನ ಸೀಟಿನವನೊಬ್ಬ ಶಿಳ್ಳೆ ಹೊಡೆದ.

ದೋನ್ಯಾ ಎಲಿಗಿಯಾ ಅವಳನ್ನು ತಲೆಯಿಂದ ಕಾಲಿನವರೆಗೆ ಅಳೆದಳು. ಆಮೇಲೆ ಪಕ್ಕದಲ್ಲಿಟ್ಟಿದ್ದ ಹಳದಿ ಕೊಡೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕೂತ್ಕೋ. ನಾವು ಸೋತರೆ ಮಾತ್ರ ವಾಪಸ್ ನಡ್ಕೊಂಡು ಬರಬೇಕು."

"ನಮ್ಮ ನೀಲಿ ಸೋತರೆ?" ಎಂದಳು ಡೆಯಾನಿರಾ.

"ಆಗ ಅವನ ಪಕ್ಕ ಕೂತು ಬಾ," ಎಂದು ಮುದುಕಿ ಕಿಟಕಿಯ ಕಡೆ ಸರಿದಳು.