ಮ್ಯಾಪಿನಲ್ಲಿ ಮೂಡಲು ಯಾವ ಕಡೆ?

“ಎಡಕ್ಕೆ ಅಜ್ಜಿ, ಎಡಕ್ಕೆ.”

ಮೋನಿಷಾ ಹಿಂದಿನಿಂದ ಹೇಳುತ್ತಲೇ ಇದ್ದಳು. ಅಜ್ಜಿ ಮಾತ್ರ ಠೀವಿಯಿಂದ ಬಲಕ್ಕೆ ತಿರುಗಿ, ಶಿವಾಜಿನಗರದ ಆ ಇಕ್ಕಟ್ಟು ಗಲ್ಲಿಯ ಬಟ್ಟೆ ಅಂಗಡಿಯೊಳಕ್ಕೇ ನಡೆದುಬಿಟ್ಟಳು. ಅಂಗಡಿಯವರಿಗೇನು ಗೊತ್ತು ಪಾಪ! ಒಳ್ಳೆ ಗಿರಾಕಿ ಬಂತೆಂದು ನೈಟಿಗಳನ್ನು ತೆಗೆದು ಹರವಿಯೇ ಹರವಿದರು. ಅಜ್ಜಿಯ ಕೈಯಲ್ಲಿದ್ದ ಫೋನು ತನ್ನ ಪಾಡಿಗೆ ತಾನು ಎಡಕ್ಕೆ ತಿರುಗಿ, ಎಡಕ್ಕೆ ತಿರುಗಿ ಎಂದು ಹೇಳುತ್ತಿತ್ತು.

ನೈಟಿ ಬೇಡ ಎಂದು ಹೇಳಿ ಅಜ್ಜಿಯನ್ನು ಹೊರಗೆ ಕರೆತರುವಷ್ಟರಲ್ಲಿ ಮೋನಿಷಾಗೆ ಸಾಕುಸಾಕಾಯಿತು. ಬೆಳಗಿನಿಂದ ಇದು ಎಷ್ಟನೇ ಸಲವೋ.

“ನಾನೇನ್ ಮಾಡ್ಲಿ ಮೋನಿ?” ಎಂದಳು ಅಜ್ಜಿ. “ನಾನ್ ಈ ಕಡೆ ತಿರುಗಿದ್ರೆ ಇದ್ರೊಳಗಿರೋ ಊರೂ ತಿರುಗುತ್ತೆ. ನೆಟ್ಟಗೆ ಒಂದ್ಕಡೆ ನಿಲ್ಲಲ್ಲ ಇದು.”

ಈ ಪಾಠ ಶುರುವಾಗಿದ್ದಕ್ಕೆ ಕಾರಣವಿತ್ತು. ಹಲಸೂರಿನಲ್ಲಿ ಅವರ ಮನೆಯ ಹತ್ತಿರ ಒಂದು ಬುದ್ಧ ವಿಹಾರವಿದೆ. ಅಲ್ಲಿನ ಜನ ಫೆಬ್ರವರಿಯಲ್ಲಿ ನೇಪಾಳದ ಲುಂಬಿನಿಗೆ ಹೊರಟಿದ್ದರು. ಬುದ್ಧ ಹುಟ್ಟಿದ ಜಾಗ ಅದು. ಸಾಯುವುದರೊಳಗೆ ಒಂದು ಸಲ ಅದನ್ನು ನೋಡಬೇಕು ಎಂದು ಅಜ್ಜಿ ಹೇಳುವುದನ್ನು ಮೋನಿಷಾ ಬುದ್ಧಿ ಬಂದಾಗಿನಿಂದ ಕೇಳಿದ್ದಳು.

ಆದರೆ ಹೋದ ವರ್ಷ ನಾಗಪುರದಲ್ಲಿ ಬೌದ್ಧರ ದೊಡ್ಡ ಸಮಾವೇಶಕ್ಕೆ ಹೋಗಿದ್ದಾಗ ಒಂದು ಎಡವಟ್ಟಾಗಿತ್ತು. ಲಕ್ಷಾಂತರ ಜನ ಸೇರಿದ್ದ ಆ ಜಾತ್ರೆಯಂಥ ಗುಂಪಿನಲ್ಲಿ ಅಜ್ಜಿ ಕಳೆದುಹೋದಳು. ಬೆಂಗಳೂರಿನ ಚಿಕ್ಕಮುನಿಯಮ್ಮ ಎಲ್ಲಿದ್ದರೂ ಬನ್ನಿ ಎಂದು ಮೈಕಿನಲ್ಲಿ ಕೂಗಿಸಿದ ಮೇಲೇ ಅವಳು ಸಿಕ್ಕಿದ್ದು. ಅವತ್ತಿನಿಂದ ಅಜ್ಜಿಯನ್ನು ತರಕಾರಿ ತರಲೂ ಒಬ್ಬಳೇ ಕಳಿಸುತ್ತಿರಲಿಲ್ಲ. ಮದುವೆಗೆ ಹೋದರೆ ಯಾರಾದರೊಬ್ಬರು ಅವಳ ಕೈ ಹಿಡಿದುಕೊಂಡೇ ಇರುತ್ತಿದ್ದರು. ಅಜ್ಜಿಗೆ ಅದರಿಂದ ನಾಚಿಕೆಯಾಗುತ್ತಿತ್ತು. ಮೋನಿಷಾಗೆ ಅದು ಗೊತ್ತಿತ್ತು.

ಲುಂಬಿನಿಯ ಮಾತು ಬಂದಾಗ ಅಪ್ಪ ಮುನಿರಾಜು ಬೈಯಲಿಲ್ಲ, ರೇಗಲಿಲ್ಲ. ಅದು ಬೇರೆ ದೇಶ, ಬೇಡಮ್ಮ ಎಂದ, ಅಷ್ಟೇ. ಅಜ್ಜಿ ಜಗಳವಾಡಿದ್ದರೆ ಮೋನಿಷಾ ಅವಳ ಕಡೆ ಸೇರಿಕೊಂಡು ತಾನೂ ಒಂದು ಕೈ ನೋಡುತ್ತಿದ್ದಳು. ಆದರೆ ಅಜ್ಜಿ ತಟ್ಟೆ ತೊಳೆದಿಟ್ಟು ಹೋಗಿ ಮಲಗಿಬಿಟ್ಟಳು.

ಮಾರನೆಯ ಭಾನುವಾರ ಅವಳು ನೆಟ್ಟಗೆ ಸುಗತ ಅಂಕಲ್ ಹತ್ತಿರ ಹೋದಳು. ವಿಹಾರದ ಟ್ರಿಪ್‌ಗಳನ್ನೆಲ್ಲ ನೋಡಿಕೊಳ್ಳುವವರು ಅವರೇ. ಅವರು ಮೋನಿಷಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ದೊಡ್ಡವರ ಜೊತೆ ಮಾತಾಡುವ ಹಾಗೆಯೇ ಮಾತಾಡಿದರು. ಇಷ್ಟು ಜನರ ಹಿಂದೆ ತಾವೊಬ್ಬರೇ ಓಡಾಡಲು ಆಗುವುದಿಲ್ಲ, ಬರುವವರೆಲ್ಲ ಫೋನಿನ ಮ್ಯಾಪ್ ನೋಡಿಕೊಂಡು ತಮ್ಮ ರೂಮಿಗೆ ತಾವೇ ವಾಪಸ್ ಬರುವಂತಿರಬೇಕು ಎಂದರು. ಆಮೇಲೆ ಸ್ವಲ್ಪ ಯೋಚಿಸಿ ಒಂದು ಪರೀಕ್ಷೆ ಇಟ್ಟರು. ಅವರು ಬಾಣಸವಾಡಿಯಲ್ಲಿ ಹೊಸ ಮನೆ ಮಾಡಿದ್ದರು. ಅಜ್ಜಿ ಆ ಮನೆ ನೋಡಿರಲಿಲ್ಲ. ಬಾಣಸವಾಡಿ ರೈಲ್ವೆ ಸ್ಟೇಷನ್ನಿನಿಂದ ಅಲ್ಲಿಗೆ ಅಜ್ಜಿ ಒಬ್ಬಳೇ ಬಂದರೆ ಮುನಿರಾಜುವನ್ನು ಒಪ್ಪಿಸುವ ಜವಾಬ್ದಾರಿ ತಮ್ಮದು ಎಂದರು.

“ಆದ್ರೆ ಒಂದು ಕಂಡೀಷನ್ ಪುಟ್ಟಿ. ನೇಪಾಳದಲ್ಲಿ ನಮ್ಮ ಸಿಮ್ ನಂಬ್ಕೊಳಕ್ಕಾಗಲ್ಲ. ಫೋನಲ್ಲಿ ನೆಟ್ ಇರಬಾರ್ದು.”

ಓಕೆ ಅಂಕಲ್, ನಾನೇ ಕಲಿಸ್ತೀನಿ ಎಂದು ಮೋನಿಷಾ ಎದೆಯುಬ್ಬಿಸಿಕೊಂಡು ಬಂದಳು. ಸ್ಕೂಲಿನಲ್ಲಿ ಗೆಳತಿ ಮೆಹ್ವಿಶ್‌ಗೂ ಹೇಳಿಕೊಂಡಳು. ಕಲಿಸುವವಳಿಗಿಂತ ಕಲಿಯುವವಳದೇ ದೊಡ್ಡ ಕಷ್ಟ ಎಂದು ಆಗ ಅವಳಿಗೆ ಹೊಳೆದಿರಲಿಲ್ಲ.

ಶಿವಾಜಿನಗರದಿಂದ ಮನೆಗೆ ಬಂದ ಮೇಲೆ ಇನ್ನೊಂದು ಪೆಟ್ಟು ಬಿತ್ತು. ನೆಟ್ ಇಲ್ಲದಿದ್ದರೂ ನಡೆಯಲಿ ಎಂದು ಮೋನಿಷಾ ಊರಿನ ಮ್ಯಾಪನ್ನು ಮೊದಲೇ ಡೌನ್‌ಲೋಡ್ ಮಾಡಿ, ಸಿಮ್ ತೆಗೆದಿಟ್ಟು ನೋಡಿದಳು. ಎಡಕ್ಕೆ, ಬಲಕ್ಕೆ ಎಂದು ಹೇಳುವ ದನಿ ಬರಲೇ ಇಲ್ಲ. ನಡೆದು ಹೋಗುವ ದಾರಿಗೆ ಬರುತ್ತಿದ್ದ ನೀಲಿ ಗೆರೆಯೂ ಇಲ್ಲ. ಉಳಿದದ್ದು ಎರಡೇ, ನಾವಿರುವ ಕಡೆ ಒಂದು ನೀಲಿ ಚುಕ್ಕಿ, ಹೋಗಬೇಕಾದ ಕಡೆ ಅವಳೇ ಒತ್ತಿ ಇಟ್ಟ ಒಂದು ಸ್ಟಾರು. ನಡುವೆ ಜೇಡರ ಬಲೆಯಂತೆ ರಸ್ತೆಗಳು.

ಗೆರೆ ಇದ್ದಾಗಲೇ ಬಟ್ಟೆ ಅಂಗಡಿಗೆ ಹೋದ ಅಜ್ಜಿ ಗೆರೆಯೇ ಇಲ್ಲದಿದ್ದರೆ ಎಲ್ಲಿಗೆ ಹೋಗುತ್ತಾಳೋ! ಮೋನಿಷಾಗೆ ಅಳು ಬಂತು. ತಾರಸಿಯ ಮೇಲೆ ಬಟ್ಟೆ ಮಡಚುತ್ತಿದ್ದ ಅಜ್ಜಿಯ ಹತ್ತಿರ ಹೋಗಿ, ಆಗಲ್ಲ ಅಜ್ಜಿ, ಇದು ಆಗೋ ಕೆಲಸ ಅಲ್ಲ ಎಂದು ಫೋನನ್ನು ಅವಳ ಮಡಿಲಿಗೆ ಹಾಕಿದಳು.

ಅಜ್ಜಿ ಕನ್ನಡಕ ಏರಿಸಿಕೊಂಡು ಫೋನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದು ಪ್ರಶ್ನೆ ಕೇಳಿದಳು.

“ಇದ್ರಲ್ಲಿ ಮೂಡ್ಲು ಯಾವ ಕಡೆ?”

ಮೋನಿಷಾ ಕಣ್ಣು ಕಣ್ಣು ಬಿಟ್ಟಳು. ಅಜ್ಜಿ ಕೈ ಚಾಚಿ ತೋರಿಸಿದಳು. ಸೂರ್ಯ ಹುಟ್ಟುವ ಕಡೆ ಮೂಡಲು, ಮುಳುಗುವ ಕಡೆ ಪಡುವಲು, ಈ ಪಕ್ಕ ಬಡಗಲು, ಆ ಪಕ್ಕ ತೆಂಕಲು. ಕೆ.ಆರ್. ಪುರಂ ದಾಟಿದ ಮೇಲೆ ಬರುವ ಅವಳ ತವರೂರಿನಲ್ಲಿ ಎಡ ಬಲ ಎಂದು ಯಾರೂ ಹೇಳುತ್ತಲೇ ಇರಲಿಲ್ಲವಂತೆ. ಮೂಡಲ ಹೊಲ, ತೆಂಕಲ ಬೀದಿ ಎಂದೇ ಮಾತು.

ಹೌದಲ್ಲ ಎನ್ನಿಸಿತು ಮೋನಿಷಾಗೆ. ರಾತ್ರಿ ಚಾಪೆ ಹಾಸುವಾಗ ಅಜ್ಜಿ ಒಂಚೂರು ಪಡುವಲಕ್ಕೆ ಸರ್ಕೋ ಅನ್ನುತ್ತಾಳೆ. ಉಪ್ಪಿನ ಡಬ್ಬಿ ಎಲ್ಲಿ ಎಂದು ಕೇಳಿದರೆ ಬಡಗಲ ಮೂಲೆಯಲ್ಲಿ ಅನ್ನುತ್ತಾಳೆ. ಮನೆಯವರೆಲ್ಲ ನಗುತ್ತಾರೆ, ಡಬ್ಬಿಯನ್ನು ತಾವೇ ಹುಡುಕಿಕೊಳ್ಳುತ್ತಾರೆ.

ಮ್ಯಾಪಿನ ಮೂಲೆಯಲ್ಲಿ ದಿಕ್ಸೂಚಿಯ ಒಂದು ಚಿಕ್ಕ ಗುರುತಿತ್ತು. ಮೋನಿಷಾ ಅದನ್ನು ಒತ್ತಿದಳು. ಗಿರಗಿರ ತಿರುಗುತ್ತಿದ್ದ ಮ್ಯಾಪು ತೆಪ್ಪಗೆ ನಿಂತಿತು. ಈಗ ಉತ್ತರ ಮೇಲೆ, ದಕ್ಷಿಣ ಕೆಳಗೆ. ಎತ್ತ ತಿರುಗಿದರೂ ಅಲ್ಲಾಡುವುದಿಲ್ಲ.

“ಮೇಲ್ಗಡೆ ಬಡಗ್ಲು ಅಜ್ಜಿ. ಈ ಪಕ್ಕ ಮೂಡ್ಲು.”

ಅಜ್ಜಿ ಫೋನನ್ನು ನೆಲದ ಮೇಲೆ ರೊಟ್ಟಿಯಂತೆ ಚಪ್ಪಟೆಯಾಗಿಟ್ಟು, ಸೂರ್ಯನನ್ನು ಒಮ್ಮೆ ನೋಡಿ, ಬೆರಳಿಟ್ಟಳು. ಇದು ಮನೆ, ಇದು ನಮಗೆ ಬಡಗಲಿರುವ ಕೆರೆ ಎಂದಳು. ಬೆರಳನ್ನು ಹಾಗೇ ಬಲಪಕ್ಕಕ್ಕೆ ಸರಿಸುತ್ತ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿ, ಇಲ್ಲೇ ಎಲ್ಲೋ ಕೆ.ಆರ್. ಪುರಂ ಇರಬೇಕು ಎಂದಳು. ಮೋನಿಷಾ ಬಗ್ಗಿ ನೋಡಿದಳು. ಬೆರಳಿನ ಕೆಳಗೆ ಅದೇ ಹೆಸರಿತ್ತು. ಅವಳ ಅಳು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಆಮೇಲಿನ ಪಾಠ ಬೇರೆಯೇ ಆಯಿತು. ದಿನಾ ಸಂಜೆ ಇಬ್ಬರೂ ಬೀದಿಗಿಳಿದರು. ಸೂರ್ಯ ಕಾಣದಿದ್ದರೆ ಏನು ಮಾಡುತ್ತೀಯ ಎಂದು ಮೋನಿಷಾ ಕೇಳಿದ್ದಕ್ಕೆ ಅಜ್ಜಿ ತಲೆ ಕೆರೆದುಕೊಂಡಳು. ಅದಕ್ಕೆ ಮೋನಿಷಾಳ ಹತ್ತಿರ ಉತ್ತರವಿತ್ತು. ಸುಮ್ಮನೆ ಸ್ವಲ್ಪ ದೂರ ನಡಿ, ನೀಲಿ ಚುಕ್ಕಿಯೂ ನಿನ್ನ ಜೊತೆ ನಡೆಯುತ್ತೆ, ಅದು ಸ್ಟಾರಿನ ಹತ್ತಿರ ಹೋಗುತ್ತಿದ್ದರೆ ಸರಿ, ದೂರ ಹೋದರೆ ವಾಪಸ್ ತಿರುಗು ಎಂದು ಕಲಿಸಿದಳು. ಅಜ್ಜಿ ಅದನ್ನು ಮತ್ತೆ ಮತ್ತೆ ಮಾಡಿ ನೋಡಿದಳು. ಬೀದಿಯವರೆಲ್ಲ ಚಿಕ್ಕಮುನಿಯಮ್ಮನಿಗೆ ಏನಾಯಿತಪ್ಪ ಎಂದು ನೋಡುವಷ್ಟು ಸಲ ಮಾಡಿದಳು.

ಪರೀಕ್ಷೆಯ ಭಾನುವಾರ ಬಂತು. ಆಕಾಶ ನೋಡಿದರೆ ಎಲ್ಲೆಲ್ಲೂ ಮೋಡ. ಸೂರ್ಯ ಇದ್ದಾನೋ ಇಲ್ಲವೋ ಎಂಬುದೇ ಅನುಮಾನ.

ಬಾಣಸವಾಡಿ ಸ್ಟೇಷನ್ನಿನ ಮುಂದೆ ಅಜ್ಜಿ ಸೆರಗು ಸಿಕ್ಕಿಸಿಕೊಂಡು ನಿಂತಳು. ಅಪ್ಪನೂ ಮೋನಿಷಾಳೂ ದೂರದಿಂದ ಹಿಂಬಾಲಿಸಬೇಕು, ಬಾಯಿ ಬಿಡಬಾರದು ಎಂದು ಮಾತಾಗಿತ್ತು. ಅಜ್ಜಿ ಮೇಲೆ ನೋಡಿದಳು, ಫೋನು ನೋಡಿದಳು, ಮತ್ತೆ ಮೇಲೆ ನೋಡಿದಳು. ಆಟೋದವರೊಬ್ಬರು ಎಲ್ಲಿಗಮ್ಮ ಎಂದು ಕೇಳಿದರು. ಅಜ್ಜಿ ಕೈಯಾಡಿಸಿ ಬೇಡವೆಂದಳು.

ನಿಂತಳು, ನಿಂತೇ ಇದ್ದಳು. ಅಪ್ಪನಿಗೆ ತಡೆಯಲಾಗಲಿಲ್ಲ.

“ಆಗಲ್ಲ ಮೋನಿ. ಪಾಪ, ಹೋಗಿ ಕರ್ಕೊಂಡ್ಬಂದ್ಬಿಡ್ತೀನಿ.”

ಮೋನಿಷಾ ಅಪ್ಪನ ಅಂಗಿಯನ್ನು ಹಿಂದಿನಿಂದ ಬಿಗಿಯಾಗಿ ಹಿಡಿದುಕೊಂಡಳು. ಮಾತಾಡಿದರೆ ಅಜ್ಜಿಗೆ ಕೇಳಿಸೀತು ಎಂದು ತಲೆಯನ್ನು ಮಾತ್ರ ಜೋರಾಗಿ ಅಲ್ಲಾಡಿಸಿದಳು.

ಅಷ್ಟರಲ್ಲಿ ಅಜ್ಜಿ ಹೊರಟಳು. ಒಂದು ಬೇಕರಿಯವರೆಗೆ ಹೋಗಿ ಫೋನು ನೋಡಿದಳು. ನಿಂತು ಯೋಚಿಸಿ ತಿರುಗಿಬಿಟ್ಟಳು. ಇನ್ನೊಂದು ಕಡೆಗೆ ನಡೆದಳು, ಮತ್ತೆ ನೋಡಿದಳು. ಈಗ ತಲೆದೂಗಿದಳು. ಆಮೇಲೆ ಅವಳ ನಡಿಗೆಯೇ ಬದಲಾಯಿತು. ಕೆಲಸಕ್ಕೆ ಹೊತ್ತಾದವರ ಹಾಗೆ ಬಿರಬಿರನೆ ಹೋಗತೊಡಗಿದಳು. ಮೋನಿಷಾಗೆ ಕುಣಿಯುವ ಹಾಗಾಯಿತು.

ಆದರೆ ಮುಂದೆ ರಸ್ತೆಯನ್ನು ಅಗೆದುಹಾಕಿದ್ದರು. ಪೈಪು ಹಾಕುವ ಗುಂಡಿ, ಅಡ್ಡಲಾಗಿ ತಗಡು. ಮ್ಯಾಪಿನಲ್ಲಿ ಅದೆಲ್ಲ ಎಲ್ಲಿರುತ್ತದೆ? ಅಜ್ಜಿ ಪಕ್ಕದ ಸಂದಿಯೊಂದಕ್ಕೆ ನುಗ್ಗಿದಳು. ಅಪ್ಪ, ಮಗಳು ಓಡಿಹೋಗಿ ಸಂದಿಯಲ್ಲಿ ಇಣುಕಿದರೆ ಅಜ್ಜಿ ಇಲ್ಲ. ಆಚೆ ಬೀದಿಗೆ ಬಂದರು, ಅಲ್ಲೂ ಇಲ್ಲ. ಅಪ್ಪನ ಮುಖ ಬಿಳಿಚಿಕೊಂಡಿತು. ನಾಗಪುರದ ಕತೆಯೇ ಮತ್ತೆ ಆಯಿತಲ್ಲ ಎಂದು ಗೊಣಗಿದ. ಸಿಮ್ ಇಲ್ಲದ ಫೋನಿಗೆ ಕಾಲ್ ಮಾಡುವ ಹಾಗೂ ಇಲ್ಲ. ತನ್ನಿಂದಲೇ ಇಷ್ಟೆಲ್ಲ ಆಯಿತು ಎಂದುಕೊಂಡು ಮೋನಿಷಾ ಕಣ್ಣೊರೆಸಿಕೊಳ್ಳುತ್ತ ಅಪ್ಪನ ಹಿಂದೆ ಸುಗತ ಅಂಕಲ್ ಮನೆಯ ಕಡೆ ಓಡಿದಳು.

ಸುಗತ ಅಂಕಲ್ ಮನೆಯ ಗೇಟು ತೆರೆದಿತ್ತು. ಮೆಟ್ಟಿಲ ಮೇಲೆ ಅಜ್ಜಿ ಕುಳಿತು ಲೋಟದಲ್ಲಿ ನೀರು ಕುಡಿಯುತ್ತಿದ್ದಳು. ಅಂಕಲ್ ಪಾಪ ಬಾಗಿಲಾಚೆ ಈಚೆ ಇಣುಕಿ, ಜೊತೆಗೆ ಬಂದವರು ಯಾರು ಎಂದು ಹುಡುಕುತ್ತಿದ್ದರು.

“ಯಾರೂ ಇಲ್ಲ ಕಣಪ್ಪ,” ಎಂದಳು ಅಜ್ಜಿ. “ನಾನೇ ಬಂದೆ.”

ಜೋರಾಗಿ ಹೇಳಲಿಲ್ಲ. ಹಾಲು ತಂದೆ ಎನ್ನುವ ಹಾಗೆ ಹೇಳಿದಳು. ಆದರೆ ಅವಳ ಬೆನ್ನು ಎಷ್ಟು ನೆಟ್ಟಗಿತ್ತೆಂದರೆ, ಮೋನಿಷಾ ಅಜ್ಜಿಯನ್ನು ಹಾಗೆ ನೋಡಿಯೇ ಇರಲಿಲ್ಲ. ಓಡಿಹೋಗಿ ಅವಳ ಕುತ್ತಿಗೆಗೆ ಜೋತುಬಿದ್ದಳು. ಲೋಟದಲ್ಲಿದ್ದ ನೀರೆಲ್ಲ ಇಬ್ಬರ ಮೇಲೂ ಚೆಲ್ಲಿತು.

ಅಪ್ಪ ಅಜ್ಜಿಯ ಪಕ್ಕದಲ್ಲಿ ಕುಳಿತ. ಏದುಸಿರು ಇಳಿಯುವವರೆಗೂ ಕಾದ. ಸುಗತ ಅಂಕಲ್ ಅವನನ್ನು ಒಪ್ಪಿಸಲೆಂದು ಬಾಯಿ ತೆರೆಯುವುದರಲ್ಲಿದ್ದರು.

“ಅಮ್ಮ, ನಿಂಗೆ ಒಳ್ಳೆ ಸ್ವೆಟರ್ ಇದ್ಯಾ?” ಎಂದ ಅಪ್ಪ. “ಅಲ್ಲಿ ತುಂಬ ಚಳಿಯಂತೆ.”

ಅಜ್ಜಿ ಹೊರಡುವ ಮುಂಚೆ ಮೋನಿಷಾ ಲುಂಬಿನಿಯ ಮ್ಯಾಪನ್ನು ಇಳಿಸಿ, ಎರಡು ಸ್ಟಾರು ಒತ್ತಿದಳು. ಒಂದು ಅವರು ಉಳಿಯುವ ರೂಮು, ಇನ್ನೊಂದು ಬುದ್ಧ ಹುಟ್ಟಿದ ಜಾಗ. ಆ ಜಾಗದಿಂದ ರೂಮು ಮೂಡಲಿಗಿದೆ ಎಂದು ತೋರಿಸಿಕೊಟ್ಟಳು. ನಮ್ಮಜ್ಜಿ ಫಾರಿನ್‌ಗೆ ಹೋಗ್ತಿದಾಳೆ, ನಾನೇ ಮ್ಯಾಪ್ ಕಲಿಸಿದ್ದು ಎಂದು ಕ್ಲಾಸಿನಲ್ಲಿ ಎಲ್ಲರಿಗೂ ಹೇಳಿದಳು. ಕೇಳದವರಿಗೂ ಹೇಳಿದಳು.

ಲುಂಬಿನಿ ತಲುಪಿದ ಸಂಜೆ ಅಜ್ಜಿ ರೂಮಿನ ವೈಫೈಯಿಂದ ವಿಡಿಯೋ ಕಾಲ್ ಮಾಡಿದಳು. ಬುದ್ಧ ಹುಟ್ಟಿದ ಜಾಗಕ್ಕೆ ಗುಂಪಿನ ಜೊತೆ ಹೋಗಿದ್ದಾಯಿತು, ನೋಡಿದ್ದೂ ಆಯಿತು, ಆದರೆ ಬನ್ನಿ ಬನ್ನಿ ಎಂದು ಬೇಗ ಎಬ್ಬಿಸಿಕೊಂಡು ಬಂದುಬಿಟ್ಟರು, ಮನಸ್ಸಿಗೆ ಸಮಾಧಾನವಿಲ್ಲ ಎಂದಳು. ನಾಳೆ ಬೆಳಿಗ್ಗೆ ತಾನೊಬ್ಬಳೇ ಹೋಗಿ ಬರುವುದಾಗಿ ಹೇಳಿದಳು. ಸುಗತ ಅಂಕಲ್ ಹೂಂ ಎಂದಿದ್ದರು.

ಮರುದಿನ ಬೆಳಿಗ್ಗೆ ಅಪ್ಪನಿಗೆ ಕಾಫಿ ಕುಡಿಯುವುದೂ ಬೇಡವಾಯಿತು. ಅಲ್ಲಿ ಮಂಜು ಮುಸುಕಿದೆಯಂತೆ ಎಂದು ಹತ್ತು ಸಲ ಹೇಳಿದ. ಮ್ಯಾಪು ತೆರೆದು ನೋಡಿದ. ಅದರಲ್ಲಿ ಅಜ್ಜಿ ಕಾಣುವುದಿಲ್ಲ ಅಪ್ಪ, ಅವಳ ಫೋನಿನಲ್ಲಿ ನೆಟ್ ಇಲ್ಲವಲ್ಲ ಎಂದು ಮೋನಿಷಾ ನೆನಪಿಸಿದಳು. ಹಾಗೆ ಹೇಳುತ್ತ ಜಡೆಗೆ ರಿಬ್ಬನ್ ಕಟ್ಟಿಕೊಂಡಳು. ತನಗೆ ಭಯವಾಗುತ್ತಿಲ್ಲ ಎಂಬುದು ಅವಳಿಗೇ ಆಶ್ಚರ್ಯವಾಗಿತ್ತು.

ಸ್ಕೂಲ್ ವ್ಯಾನು ಬರುವ ಹೊತ್ತಿಗೆ ಫೋನು ಬಂತು. ಅಪ್ಪ ಅದನ್ನು ತೆಗೆಯುವ ಮೊದಲೇ ಮೋನಿಷಾ ಕಿತ್ತುಕೊಂಡಳು. ಅಜ್ಜಿ ರೂಮಿಗೆ ವಾಪಸ್ ಬಂದಾಗಿತ್ತು. ತಲೆಯ ಮೇಲೆ ಶಾಲು, ಚಳಿಗೆ ಕೆಂಪಾದ ಮೂಗು. ಕೇಳಬೇಕಾದ್ದು ಮೋನಿಷಾಳ ಬಾಯಿತುದಿಯಲ್ಲೇ ರಾಶಿ ಇತ್ತು. ಮಂಜಿನಲ್ಲಿ ದಾರಿ ಹೇಗೆ ಸಿಕ್ಕಿತು, ದಿಕ್ಸೂಚಿ ಒತ್ತಿದೆಯಾ, ಚುಕ್ಕಿ ಸರಿಯಾಗಿ ನಡೆಯಿತಾ, ನಾನು ಹೇಳಿಕೊಟ್ಟ ಹಾಗೇ ಮಾಡಿದೆಯಾ ಎಂದೆಲ್ಲ.

ಅಜ್ಜಿಯ ಮುಖ ನೋಡಿದಳು. ಅದು ಎಷ್ಟು ನೆಮ್ಮದಿಯಾಗಿತ್ತೆಂದರೆ, ಅದನ್ನೆಲ್ಲ ಕೇಳಬೇಕು ಎಂದು ಮೋನಿಷಾಗೆ ಅನ್ನಿಸಲಿಲ್ಲ.

“ಅಲ್ಲಿ ಎಷ್ಟೊತ್ತು ಕೂತಿದ್ದೆ ಅಜ್ಜಿ?”

“ನಂಗೆ ಸಾಕು ಅನ್ಸೋವರ್ಗೂ ಕಣೆ,” ಎಂದಳು ಅಜ್ಜಿ.